ಬಾಲ ಹಾಕ್ಲೋ, ಚುಕ್ಕಿ ಹಾಕ್ಲೋ?

ಹುಬ್ಬಳ್ಳಿ ವಿದ್ಯಾನಗರದಾಗಿನ ಒಂದು ಸಣ್ಣ ಬೇಕರಿಯಾಗ ನಾ ಕೇಕಿನ ಮ್ಯಾಲೆ ಹೆಸರು ಬರಿಯಾಕ ಹತ್ತಿ ಹನ್ನೊಂದು ವರ್ಷ ಆತು. ‘ಹ್ಯಾಪಿ ಬರ್ತ್‌ಡೇ’ ಕಣ್ಣು ಮುಚ್ಚಿ ಬರೀತೀನಿ. ಕೈ ತಡಿಯೂದು ಹೆಸರಿನ ಕೊನೀ ಅಕ್ಷರಕ್ಕ.

ಹೋದ ತಿಂಗಳ ಒಬ್ಬಾಕಿ ಫೋನ್ ಮಾಡಿ, “ವಿಕ್ಕಿ ಅಂತ ಬರೀರಿ, ಇಂಗ್ಲಿಷಿನಾಗ” ಅಂದ್ಲು. ನಾ ಕೊನೀಗೆ ಐ ಹಾಕಿದೆ. ಚುಕ್ಕಿ ಬದ್ಲಿ ಒಂದು ಸಣ್ಣ ಹಾರ್ಟ್ ಬ್ಯಾರೆ. ಡಬ್ಬಿ ತಗದು ನೋಡಿದಾಕೀನ ಮಾರಿ ಸಣ್ಣದಾತು. “ಅಕ್ಕಾರ, ನನ್ನ ಮಗ ಅದಾನ್ರೀ. ಇದು ಹುಡುಗಿ ಹೆಸರು ಆಗೇತಿ.” ಚಾಕುಲೇ ಕೆರದು ವೈ ಬರದೆ, ಗಾಯದ ಮ್ಯಾಲೆ ಒಂದು ಚೆರ್ರಿ ಕುಂದರಿಸಿದೆ. ಬಾಲ ಬಂದ ಕೂಡ್ಲೆ ವಿಕ್ಕಿ ಗಂಡುಮಗ ಆದ.

ಮಜಾ ಏನಂದ್ರ, ಇಂಗ್ಲಿಷರ ನಾಡಿನಾಗ ವಿಕ್ಕಿ ಅಂದ್ರ ವಿಕ್ಟೋರಿಯಾ. ವೈ ಹಾಕಿದ್ರೂ ಹುಡುಗೀನ. ನಮ್ಮ ಕಡೆ ಅದು ವಿಕಾಸ, ವಿಕ್ರಮ, ವಿನಾಯಕನ ಪಾಲಿಗೆ ಬಂದೈತಿ. ಹಂಗಂತ ಆ ತಾಯಿ ಮಾತು ಪೂರಾ ತಪ್ಪಲ್ಲ. ಕ್ರಿಕೆಟ್ ಕಾಮೆಂಟರಿಯ ಟೋನಿ ಗ್ರೇಗ್‌ಗೆ ವೈ, 1993ರಾಗ ನೊಬೆಲ್ ತಗೊಂಡ ಲೇಖಕಿ ಟೋನಿ ಮಾರಿಸನ್‌ಗೆ ಐ. ಆಕೀ ಟೋನಿ ಅನ್ನೂ ಹೆಸರು ಹುಟ್ಟಿದ್ದೂ ಆಂಥನಿ ಅನ್ನೂ ಗಂಡು ಹೆಸರಿನಿಂದನ. ಐ-ಇ ಜೋಡಿ ಮಾತ್ರ ಎಲ್ಲಾರ ಮನಿಗೂ ಹೋಗಿಬರತೈತಿ: ಟೆನಿಸ್ ಆಟಗಾರ್ತಿ ಬಿಲ್ಲಿ ಜೀನ್ ಕಿಂಗ್‌ಗೂ ಅದ, ಚಾರ್ಲಿ ಚಾಪ್ಲಿನ್‌ಗೂ ಅದ. ಚಾಪ್ಲಿನ್‌ನ ಮೀಸಿ ಇದರಿಂದ ಏನೂ ಉದುರಲಿಲ್ಲ.

ಇದನ್ನೆಲ್ಲಾ ಕನ್ನಡದಾಗ ಬರದ್ರ ಜಗಳಾನ ಇಲ್ಲ. ಟೋನಿ, ಟೋನಿ. ಅವರದು ಕಣ್ಣಿಗೆ ಕಾಣೂ ಫರಕು, ಕಿವಿಗೆ ಒಂದ.

ನಮ್ಮದು ಬಾಯಾಗ ಐತಿ. ಗಂಗ್ಯಾ ಗಂಡು, ಗಂಗಿ ಹೆಣ್ಣು. ನಿಂಗ್ಯಾ, ನಿಂಗಿ. ಬಸ್ಯಾ, ಬಸಿ. ಓಣಿಯ ಆ ತುದಿಯಿಂದ ಒದರಿದ್ರೂ ಯಾರು ತಿರಗಬೇಕು ಅಂತ ಗೊತ್ತಾಗತೈತಿ. ಹುಡುಗ-ಹುಡುಗಿ, ಕಳ್ಳ-ಕಳ್ಳಿ ಕೇಳಿ ಬೆಳೆದ ಕಿವಿ, ಕೊನೀಗೆ ಇ ಬಂದ್ರ ಹೆಣ್ಣಂತನ ತಿಳಕೋತೈತಿ. ಅದಕ್ಕ ಇರಬೇಕು, ರವಿ ಅಂದ್ರ ಸಾಕ್ಷಾತ್ ಸೂರ್ಯ ಆದ್ರೂ ಹುಬ್ಬಳ್ಳಿಯಾಗ ಅವ ರವ್ಯಾ. ಹರಿ ಹರ್ಯಾ, ಗಿರಿ ಗಿರ್ಯಾ. ಈ ಕಡೆ ಗೀತಾ, ಸುಮಾ ಅಂತ ಶಾಲಿ ರಜಿಸ್ಟರಿನಾಗ ಇದ್ದವರು ಮನಿಗೆ ಬಂದ್ರ ಗೀತಿ, ಸುಮಿ. ಬಸ್ಯಾ ಅಂತ ಬರಿಯೂವಾಗ ದೀರ್ಘ ಬಿಡಬ್ಯಾಡ್ರಿ. ದೀರ್ಘ ಇಲ್ಲಂದ್ರ ಗೆಳೆತನ ಸಪ್ಪಗಾಗತೈತಿ. ರೊಕ್ಕ ಬಂದ ಮ್ಯಾಲೆ ಅವ ಹೆಂಗೂ ಬಸಪ್ಪ ಆಗಾವನ.

ನಡಕ ಉಳಿಯೂದು ಉ. ರಾಜು, ಸಿದ್ದು, ಶಿವು ಗಂಡಸರ ಪಾಲಾದ್ರೂ ಮಂಜು ಯಾರ ಕೈಗೂ ಪೂರಾ ಸಿಕ್ಕಿಲ್ಲ. ನಾ ಮಂಜುಳಾ, ಎದುರು ಕೀಲಿ ಮಾಡಾವ ಮಂಜುನಾಥ, ಇಬ್ಬರೂ ಮಂಜು. ಅವನ ಕೊರಿಯರ್ ನನ್ನ ಕೌಂಟರಿಗೆ ಬಂದು ಬೀಳತಾವ. ಉ ದೀರ್ಘ ಮಾಡಿಕೋ ಅಂತ ಒಬ್ಬ ಗಿರಾಕಿ ಹೇಳಿದ್ರು, ಗಂಗೂಬಾಯಿ ಹಾನಗಲ್ಲರ ಗಂಗೂ ಇದ್ದಂಗ. ಹಂಗ ಮಾಡಿದ್ರ ಮುಂದ ಬಾಯಿ ಹಚ್ಚಬೇಕು, ನಮ್ಮ ಮನಿತನಕ್ಕ ಅದು ಹೊಂದೂದಿಲ್ಲ.

ಮೊನ್ನೆ ನನ್ನ ಹುಟ್ಟಿದಹಬ್ಬಕ್ಕ ಅಂಗಡಿ ಹುಡುಗ ಒಂದು ಅರ್ಧ ಕೇಜಿ ಕೇಕ್ ಮುಂದ ಇಟ್ಟು, “ಅಕ್ಕಾ, ನಿಮ್ಮ ಹೆಸರು ನೀವ ಬರಕೋರಿ” ಅಂದ. ಕೋನ್ ಹಿಡದು ಒಂದು ಗಳಿಗೆ ನಿಂತೆ. ಆಮ್ಯಾಲೆ ಕನ್ನಡದಾಗ ‘ಮಂಜಿ’ ಅಂತ ಬರದೆ. ಅವ್ವ ಹೋದ ಮ್ಯಾಲೆ ಹಂಗ ಕರದವರು ಯಾರೂ ಇಲ್ಲ. ಹುಡುಗ ಬಗ್ಗಿ ಓದಿ, “ಕೊಂಬು ಮರತೀರಿ ಅಕ್ಕಾ” ಅಂದ.