ಅರ್ಥ ಹೇಳಿದರೆ ಮಾತ್ರ ಪಾಯಿಂಟ್

ನಾನು ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದ್ದು 2008ರಿಂದ 2011ರವರೆಗೆ. ಕಲಿತ ಫಿಸಿಕ್ಸ್‌ನಲ್ಲಿ ಎಷ್ಟು ಉಳಿದಿದೆಯೋ ದೇವರೇ ಬಲ್ಲ. ಆದರೆ 'ಕ್ಯೂ' ಬಿಲ್ಲೆ ಕೈಗೆ ಬಂದು ಜೊತೆಗೆ 'ಯು' ಬರದಿದ್ದರೆ ಏನು ಮಾಡಬೇಕು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅದಕ್ಕೆ ಕಾರಣ ನಮ್ಮ ಇಂಗ್ಲಿಷ್ ಮೇಡಂ. ಶನಿವಾರ ಮಧ್ಯಾಹ್ನ ಲೈಬ್ರರಿಯ ಹಿಂದಿನ ರೂಮಿನಲ್ಲಿ ಅವರು ಸ್ಕ್ರ್ಯಾಬಲ್ ಬೋರ್ಡು ಬಿಚ್ಚುತ್ತಿದ್ದರು.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇಂಗ್ಲಿಷ್ ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮನೆಗಳಲ್ಲಿ ಜೋಡಿಸಿ, ಪದ ಮಾಡಿ, ಪಾಯಿಂಟ್ ಗಳಿಸುವ ಆಟ ಇದು. ಬೋರ್ಡಿನಲ್ಲಿ ಅಡ್ಡಕ್ಕೆ 15 ಮನೆ, ಉದ್ದಕ್ಕೆ 15 ಮನೆ. ಚೀಲದಲ್ಲಿ 100 ಬಿಲ್ಲೆ, ಒಬ್ಬೊಬ್ಬರ ಕೈಯಲ್ಲಿ ಏಳು. 'ಇ' ಬಿಲ್ಲೆ ಹನ್ನೆರಡಿವೆ, ಒಂದಕ್ಕೆ ಒಂದೇ ಪಾಯಿಂಟ್. 'ಕ್ಯೂ', 'ಝಡ್' ಒಂದೊಂದೇ, ಆದರೆ ಹತ್ತು ಹತ್ತು ಪಾಯಿಂಟ್. ಈ ಲೆಕ್ಕ ಹಾಕಿದವನು ಆಲ್ಫ್ರೆಡ್ ಬಟ್ಸ್ ಎಂಬ ನ್ಯೂಯಾರ್ಕಿನ ಆರ್ಕಿಟೆಕ್ಟ್. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಹೋಗಿತ್ತು. ಪೇಪರ್ ಹರಡಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸುತ್ತಾ ಕೂತ. ಸ್ಕ್ರ್ಯಾಬಲ್ ಅನ್ನೋ ಹೆಸರು ಬಂದಿದ್ದು ಆಮೇಲೆ, 1948ರಲ್ಲಿ.

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪೇಟೆಯ ಕಾನ್ವೆಂಟಿನಿಂದ ಬಂದವರ ಎದುರು ಇಂಗ್ಲಿಷ್ ಆಟಕ್ಕೆ ಕೂರುವುದು ಅಂದರೆ ಕೈಕಾಲು ತಣ್ಣಗಾಗುತ್ತಿತ್ತು. ಆದರೆ ಮೇಡಂ ಮೊದಲ ದಿನ ಕೊಟ್ಟ ಜೆರಾಕ್ಸ್ ಹಾಳೆ ನೋಡಿದಾಗ ಗೊತ್ತಾಯಿತು, ಕಾನ್ವೆಂಟಿನವರಿಗೂ ನಮ್ಮಷ್ಟೇ ಗೊತ್ತಿರುವುದು! ಅದರಲ್ಲಿದ್ದದ್ದು ಎರಡಕ್ಷರದ ಪದಗಳು, ಕೆಳಗೆ ಮೂರಕ್ಷರದ ಕೆಲವು. ಎ-ಎ. ಎ-ಐ. ಓ-ಇ. ಝಡ್-ಓ. ಇವನ್ನು ಯಾವ ಕಾನ್ವೆಂಟೂ ಕಲಿಸಿರಲಿಲ್ಲ. ಎಲ್ಲರೂ ಸೊನ್ನೆಯಿಂದಲೇ ಶುರು. ಉದ್ದುದ್ದ ಇಂಗ್ಲಿಷ್ ಪದ ಬರದವನು ಈ ಚಿಕ್ಕವನ್ನು ಬಾಯಿಪಾಠ ಮಾಡಿಕೊಂಡು ಗೆಲ್ಲಬಹುದಿತ್ತು. ಬಾಯಿಪಾಠ ನಮಗೆ ಬಾರದ ವಿದ್ಯೆಯೇ?

ಆದರೆ ಮೇಡಂ ಒಂದು ಕಟ್ಟುಪಾಡು ಹಾಕಿದ್ದರು. ಪದ ಇಟ್ಟವರು ಅರ್ಥ ಹೇಳಬೇಕು. ಹೇಳದಿದ್ದರೆ ಪಾಯಿಂಟ್ ಇಲ್ಲ, ಬಿಲ್ಲೆ ವಾಪಸ್. ಇದು ಆಟದ ನಿಜವಾದ ನಿಯಮ ಅಲ್ಲ. ಟೂರ್ನಮೆಂಟಿನಲ್ಲಿ ಪದ ಆಟಕ್ಕೆ ಒಪ್ಪಿದ ಪದಗಳ ಪಟ್ಟಿಯಲ್ಲಿದ್ದರೆ ಸಾಕು, ಅರ್ಥ ಯಾರೂ ಕೇಳುವುದಿಲ್ಲ. ನ್ಯೂಜಿಲೆಂಡಿನ ನೈಜಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದರು, 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಗೆದ್ದರು. ಎರಡೂ ಭಾಷೆ ಅವರಿಗೆ ಮಾತಾಡಲು ಬರುವುದಿಲ್ಲ! ಅದು ದೊಡ್ಡ ಸಾಧನೆಯೇ, ಇಲ್ಲ ಅನ್ನೋದಿಲ್ಲ. ಆದರೂ ನನಗೆ ಮೇಡಂ ಆಡಿಸಿದ ಆಟವೇ ಇಷ್ಟ.

ಎ-ಐ ಅಂದರೆ ಇವತ್ತಿನ ಹುಡುಗರಿಗೆ ಬೇರೆಯೇ ನೆನಪಾಗುತ್ತದೆ. ನಮಗೆ ಅದು ದಕ್ಷಿಣ ಅಮೆರಿಕದ ಕಾಡಿನ ಒಂದು ಪ್ರಾಣಿ. ಮೂರು ಉಗುರಿನ ಸ್ಲಾತ್. ಮರಕ್ಕೆ ತಲೆಕೆಳಗಾಗಿ ಜೋತುಬಿದ್ದಿರುತ್ತದೆ. ಹೆಚ್ಚುಕಡಿಮೆ ವಾರಕ್ಕೊಮ್ಮೆ ಕೆಳಗಿಳಿಯುತ್ತದೆ, ಅದೂ ಕಕ್ಕಸಿಗೆ. ಮೇಡಂ ಇದನ್ನು ನಗದೆ ಹೇಳಿದ್ದರು. ಆಮೇಲೆ ಹಾಸ್ಟೆಲಿನಲ್ಲಿ ಹಾಸಿಗೆ ಬಿಟ್ಟೇಳದ ಒಬ್ಬನಿಗೆ ಅದೇ ಹೆಸರಾಯಿತು.

ಎ-ಎ ಅಂದರೆ ಹವಾಯಿ ಭಾಷೆಯ 'ಆಆ'. ಜ್ವಾಲಾಮುಖಿಯಿಂದ ಹರಿದು, ತಣಿದು, ಮುಳ್ಳುಮುಳ್ಳಾಗಿ ನಿಂತ ಲಾವಾ. ಬರಿಗಾಲಲ್ಲಿ ನಡೆದರೆ ಬಾಯಿಂದ ಬರುವ ಸದ್ದೂ ಅದೇ ಅಂತ ನಾವು ನಗುತ್ತಿದ್ದೆವು. ಜಿಯಾಲಜಿ ಓದುತ್ತಿದ್ದ ವಿಜಯಪುರದ ಗೆಳೆಯನೊಬ್ಬ ಮಾತ್ರ ನಗಲಿಲ್ಲ. 'ದಖ್ಖನ್ ಲಾವಾದಾಗೂ ಈ ಥರದ ಪದರ ಅದಾವ್ರಿ. ಆ ಕಲ್ಲು ಕರಗೇ ನಮ್ಮ ಎರೆಮಣ್ಣು ಆಗೇದ' ಅಂದ. ಅವನಿಗೆ ಅವತ್ತು ಎರಡು ಪಾಯಿಂಟ್ ಸಿಕ್ಕಿತು, ಜೊತೆಗೆ ಮೇಡಂ ಕಡೆಯಿಂದ ಒಂದು ಟೀ.

ಝಡ್-ಓ ಟಿಬೆಟ್ ಕಡೆಯದು. ಯಾಕ್‌ಗೂ ಸಾಮಾನ್ಯ ದನಕ್ಕೂ ಹುಟ್ಟಿದ ಮಿಶ್ರತಳಿ. ಅದನ್ನೇ ಇಂಗ್ಲಿಷಿನವರು ಐದು ಥರ ಬರೆಯುತ್ತಾರೆ, ಐದೂ ಪಟ್ಟಿಯಲ್ಲಿವೆ. ಸ್ಪೆಲಿಂಗ್ ತಪ್ಪಿಗೆ ನಮ್ಮ ಮಾರ್ಕ್ಸ್ ಕತ್ತರಿಸುವವರಿಗೆ ಇದನ್ನು ತೋರಿಸಬೇಕು ಅಲ್ವಾ? ಎಂ-ಎಚ್-ಓ ಫಿಸಿಕ್ಸಿನವರಾದ ನಮ್ಮ ಸ್ವಂತ ಆಸ್ತಿ: ವಿದ್ಯುತ್ ರೋಧ ಅಳೆಯುವ 'ಓಮ್' (ಓ-ಎಚ್-ಎಂ) ಅನ್ನು ಹಿಂದುಮುಂದು ಬರೆದು ಮಾಡಿದ ಅಳತೆಯ ಮಾನ. ಸಿ-ಡಬ್ಲ್ಯೂ-ಎಂ ಅನ್ನು 'ಕೂಮ್' ಅನ್ನಬೇಕು. ವೇಲ್ಸ್ ಭಾಷೆಯಲ್ಲಿ ಡಬ್ಲ್ಯೂ ಕೂಡ ಸ್ವರ. ಅರ್ಥ, ಬೆಟ್ಟದ ಮಡಿಲಿನ ಕಣಿವೆ. ನೇಪಾಳದ ಕಡೆಯ ಮಾಮೂಲಿ ದಾರಿಯಲ್ಲಿ ಎವರೆಸ್ಟ್ ಹತ್ತುವವರು ವೆಸ್ಟರ್ನ್ ಕೂಮ್ ದಾಟಿಯೇ ಹೋಗಬೇಕು. 1921ರಲ್ಲಿ ಅದಕ್ಕೆ ಹಾಗೆ ಹೆಸರಿಟ್ಟವರು ಜಾರ್ಜ್ ಮ್ಯಾಲರಿ.

ಇನ್ನು ನಮ್ಮ ಕಡೆಯ ಪದಗಳು. ಎಸ್-ಇ-ಆರ್ ನಮ್ಮ ಸೇರು. ಯು-ಆರ್-ಡಿ ಉದ್ದು. ಜಿ-ಎಚ್-ಐ ತುಪ್ಪ. ಡಿ-ಎ-ಕೆ ಟಪಾಲು. ಎಲ್-ಎ-ಸಿ ಅರಗು. ಇವನ್ನೆಲ್ಲ ಅರ್ಥ ಸಮೇತ ಹೇಳುವಾಗ ನಮ್ಮ ದನಿ ತಾನಾಗಿಯೇ ಏರುತ್ತಿತ್ತು. ಅಡಿಕೆ ತೋಟದ ಮನೆಯಿಂದ ಬಂದ ಶಿರಸಿಯ ಗೆಳೆಯ ಒಮ್ಮೆ 'ಅರೇಕಾ' ಇಟ್ಟ. ಮಲಯಾಳದ ಅಡಕ್ಕ ಪೋರ್ಚುಗೀಸರ ಬಾಯಲ್ಲಿ ಹಾಗಾಯಿತು ಅಂತ ಮೇಡಂ ಹೇಳಿದರು. ಅವನು ಒಪ್ಪಲೇ ಇಲ್ಲ. 'ನಮ್ಮ ಅಡಿಕೆಯೇ ಮೇಡಂ ಅದು' ಅಂತ ವಾದಕ್ಕೆ ನಿಂತ.

ಅವನದೇ ಇನ್ನೊಂದು ಆಟ ಕಣ್ಣಿಗೆ ಕಟ್ಟಿದಂತಿದೆ. ಕೈಯಲ್ಲಿ 'ಕ್ಯೂ' ಹಿಡಿದು ಬಹಳ ಹೊತ್ತಿನಿಂದ ಒದ್ದಾಡುತ್ತಿದ್ದ. ಎದುರಿಗೆ ನಮ್ಮ ಕ್ಲಾಸಿನ ಟಾಪರ್, ಕಾನ್ವೆಂಟ್ ಹುಡುಗ, ಮೂವತ್ತಕ್ಕೂ ಜಾಸ್ತಿ ಮುಂದಿದ್ದ. ಬೋರ್ಡಿನ ಒಂದು ಮೂಲೆಯಲ್ಲಿ ಅಕ್ಷರಕ್ಕೆ ಮೂರು ಪಟ್ಟು ಕೊಡುವ ನೀಲಿ ಮನೆ ಖಾಲಿ ಇತ್ತು. ಅದರ ಬಲಕ್ಕೆ ಒಂದು 'ಐ', ಕೆಳಗೆ ಇನ್ನೊಂದು 'ಐ'. ಗೆಳೆಯ ಸುಮ್ನೆ ಒಂದೇ ಬಿಲ್ಲೆ ಅಲ್ಲಿಟ್ಟ. ಅಡ್ಡಕ್ಕೂ ಕ್ಯೂ-ಐ, ಉದ್ದಕ್ಕೂ ಕ್ಯೂ-ಐ. ಮೂವತ್ತೊಂದು, ಮತ್ತೆ ಮೂವತ್ತೊಂದು. ಒಟ್ಟು 62!

'ಅರ್ಥ ಹೇಳಪ್ಪಾ' ಅಂದರು ಮೇಡಂ.

'ಚೀನಾದವರು ಪ್ರಾಣಶಕ್ತಿಗೆ ಹಾಗೆ ಹೇಳ್ತಾರೆ ಮೇಡಂ. ನಮ್ಮ ಅಜ್ಜ ಬೆಳಿಗ್ಗೆ ಮೂಗು ಹಿಡ್ಕೊಂಡು ಮಾಡೋದೂ ಹೆಚ್ಚುಕಡಿಮೆ ಅದೇ.'

'ಉಚ್ಚಾರಣೆ?'

'ಚೀ.'

ಎದುರಿಗಿದ್ದವನು ಬಿಲ್ಲೆ ನೋಡುತ್ತಾ 'ಛೀ' ಅಂದ. ಅವನದು ಉಚ್ಚಾರಣೆ ಆಗಿರಲಿಲ್ಲ.

ಚಿಕ್ಕ ಪದ ಅಂದರೆ ಬಡವರ ಆಟ ಅಂತ ತಿಳಿಯುವವರಿದ್ದಾರೆ. 2015ರ ವಿಶ್ವ ಚಾಂಪಿಯನ್, ನೈಜೀರಿಯಾದ ವೆಲಿಂಗ್ಟನ್ ಜಿಗೇರೆ ಅವರ ಆಟ ನೋಡಲಿ. ಆಫ್ರಿಕಾದಿಂದ ಆ ಪಟ್ಟ ಗೆದ್ದ ಮೊದಲಿಗರು. ಉದ್ದ ಪದದ ಆಸೆಗೆ ಬೀಳದೆ, ಗಿಡ್ಡ ಪದ ಇಟ್ಟು ಎದುರಾಳಿಯ ದಾರಿ ಮುಚ್ಚುವುದು ಅವರ ದೇಶದ ಆಟಗಾರರು ಬೇಕೆಂದೇ ಕಲಿತ ತಂತ್ರ. ಅದನ್ನು ಪೇಪರಿನಲ್ಲಿ ಓದಿದ ದಿನ ನಮ್ಮ ವಾಟ್ಸ್ಯಾಪ್ ಗ್ರೂಪಿನಲ್ಲಿ ಹಬ್ಬ.

ಆ ಗ್ರೂಪಿನ ಅತಿ ದೊಡ್ಡ ಜಗಳ ಮಾತ್ರ 'ಓಕೆ'ಯದು. ನಾವು ಓದುವಾಗ ಓ-ಕೆ ಪಟ್ಟಿಯಲ್ಲಿರಲಿಲ್ಲ. ಅದೇ ಟಾಪರ್ ಒಮ್ಮೆ ಇಟ್ಟಿದ್ದ, ಮೇಡಂ ತೆಗೆಸಿದ್ದರು. ಅಮೆರಿಕದ ಆಟದ ಡಿಕ್ಷನರಿಗೆ ಅದು ಸೇರಿದ್ದು 2018ರಲ್ಲಿ, ನಾವು ಬಳಸುವ ಕಾಲಿನ್ಸ್ ಪಟ್ಟಿಗೆ ಮರುವರ್ಷ. ಸುದ್ದಿ ಬಂದ ಕೂಡಲೇ ಅವನು ಬರೆದ: 'ಮೇಡಂ, ನನ್ನ ಆರು ಪಾಯಿಂಟ್ ಬಾಕಿ ಇದೆ.'

ಮೇಡಂ ರಿಟೈರ್ ಆಗಿ ಎಷ್ಟೋ ಕಾಲವಾಗಿತ್ತು. ಆದರೂ ಉತ್ತರ ಬಂತು: 'ಅರ್ಥ?'

ಅವನು ಅಷ್ಟು ಹೊತ್ತಿಗೆ ಓದಿಕೊಂಡೇ ಬಂದಿದ್ದ. 1839ರಲ್ಲಿ ಬಾಸ್ಟನ್ನಿನ ಪತ್ರಿಕೆಯೊಂದು 'ಆಲ್ ಕರೆಕ್ಟ್' ಅನ್ನುವುದನ್ನು ತಮಾಷೆಗೆ ಓ ಮತ್ತು ಕೆ ಅಕ್ಷರದಿಂದ ತಪ್ಪುತಪ್ಪಾಗಿ ಬರೆದಿತ್ತಂತೆ, ಅದರ ಮೊಟಕು ರೂಪವೇ ಇದು ಅಂತ ವಿವರಿಸಿದ. ಮೇಡಂ ಆರು ಪಾಯಿಂಟ್ ಕೊಟ್ಟರು. ಶಿರಸಿಯವನು ಮಾತ್ರ ಇನ್ನೂ ತಕರಾರು ತೆಗೆಯುತ್ತಾನೆ, ಆ ಆರು ಸೇರಿಸಿದರೂ ಗೆದ್ದಿದ್ದು ತಾನೇ ಅಂತ.