ಗಾಜಿನ ಗೊಂಬೆಗಳ ಯುದ್ಧ

ನಿನ್ನೆ ರಾತ್ರಿಯಿಂದ ಕಲಾವಿದ ವಾಯೆಲ್ ಶೌಕಿಯ ಗೊಂಬೆಗಳು ತಲೆಯಿಂದ ಹೋಗ್ತಾನೇ ಇಲ್ಲ.

ಶೌಕಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ 1971ರಲ್ಲಿ ಹುಟ್ಟಿದವರು. ಬಾಲ್ಯದ ಕೆಲವು ವರ್ಷ ಕಳೆದದ್ದು ಮೆಕ್ಕಾದಲ್ಲಿ. ಅವರ 'ಕ್ಯಾಬರೆ ಕ್ರುಸೇಡ್ಸ್' ಮೂರು ಭಾಗಗಳ ಚಿತ್ರ. ಮಧ್ಯಯುಗದಲ್ಲಿ ಯುರೋಪಿನ ಕ್ರೈಸ್ತರು ಜೆರುಸಲೇಮಿಗಾಗಿ ಮುಸ್ಲಿಮರ ಮೇಲೆ ಮಾಡಿದ ಕ್ರುಸೇಡ್ ಯುದ್ಧಗಳನ್ನು ಅರಬ್ಬರ ಕಡೆಯಿಂದ ಹೇಳುತ್ತದೆ. ನಟರೆಲ್ಲ ಸೂತ್ರದ ಗೊಂಬೆಗಳೇ. ಮೊದಲ ಭಾಗಕ್ಕೆ ಇಟಲಿಯ ಸುಮಾರು 200 ವರ್ಷ ಹಳೆಯ ಮರದ ಗೊಂಬೆಗಳು, ಎರಡನೆಯದಕ್ಕೆ ಸುಟ್ಟ ಮಣ್ಣಿನವು. ಮೂರನೆಯದಕ್ಕೆ, 2015ರಲ್ಲಿ ಮುಗಿದದ್ದಕ್ಕೆ, ವೆನಿಸ್ ಪಕ್ಕದ ಮುರಾನೊ ದ್ವೀಪದ ಹೆಸರಾಂತ ಗಾಜಿನವು!

ಗಾಜಿನ ಗೊಂಬೆ ಯುದ್ಧಕ್ಕೆ ಹೊರಡೋದನ್ನು ಸುಮ್ನೆ ಊಹಿಸಿ ನೋಡಿ. ಕೈ ಎತ್ತಿದರೆ ಒಡೆದೀತು ಅನ್ನಿಸುತ್ತದೆ. ಕೊಲ್ಲುವವನೂ ಗಾಜು, ಸಾಯುವವನೂ ಗಾಜು. ಗೊಂಬೆಗಳ ಮೇಲಿನ ದಾರಗಳನ್ನು ಶೌಕಿ ಮುಚ್ಚಿಡುವುದಿಲ್ಲ. ನನಗೆ ಜಾಸ್ತಿ ತಟ್ಟಿದ್ದು ಅದೇ. ಇತಿಹಾಸದ ರಾಜರು, ಸೇನಾಪತಿಗಳು ಎಲ್ಲರ ತಲೆ ಮೇಲೂ ದಾರ ಕಾಣುತ್ತಲೇ ಇರುತ್ತದೆ ಅಲ್ವಾ?

2010ರಲ್ಲಿ ಅವರು ತಮ್ಮೂರಲ್ಲೇ 'ಮಾಸ್ ಅಲೆಕ್ಸಾಂಡ್ರಿಯ' ಅಂತ ಕಿರಿಯ ಕಲಾವಿದರಿಗೆ ಕಲಿಯುವ ಜಾಗ ಶುರು ಮಾಡಿದರು. ಇದಕ್ಕೆ ಅವರ ಮೇಲೆ ಇನ್ನಷ್ಟು ಪ್ರೀತಿ.

2024ರ ವೆನಿಸ್ ಬಿಯನಾಲೆ ಅನ್ನುವ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಈಜಿಪ್ಟಿನ ಪೆವಿಲಿಯನ್, ಅಂದರೆ ಆ ದೇಶದ ಪ್ರದರ್ಶನ ಮಂಟಪ, ಅವರದೇ. 'ಡ್ರಾಮಾ 1882' ಅನ್ನುವ ಹಾಡಿನ ಚಿತ್ರ. 1882ರಲ್ಲಿ ಅಲೆಕ್ಸಾಂಡ್ರಿಯದ ಬೀದಿಯಲ್ಲಿ ಒಂದು ಜಗಳ ಗಲಭೆಯಾಯಿತು. ಮುಂದಿನ ತಿಂಗಳು ಬ್ರಿಟಿಷ್ ಹಡಗುಗಳು ಊರಿನ ಮೇಲೆ ಗುಂಡಿನ ಮಳೆ ಸುರಿಸಿದವು. ಅರಸನ ಮತ್ತು ವಿದೇಶಿ ಹಿಡಿತದ ವಿರುದ್ಧ ಈಜಿಪ್ಟಿನ ಸೇನಾಧಿಕಾರಿ ಉರಾಬಿ ಎಬ್ಬಿಸಿದ್ದ ದಂಗೆ ಮುರಿದುಬಿತ್ತು, ಈಜಿಪ್ಟ್ ಬ್ರಿಟಿಷರ ಕೈ ಸೇರಿತು. ಈ ಚಿತ್ರದಲ್ಲಿ ನಟಿಸಿದವರು ಮನುಷ್ಯರೇ. ಆದರೂ ನಿಧಾನವಾಗಿ ತೂಗಾಡುತ್ತಾ, ಹಾಡುತ್ತಾ ನಡೆಯುತ್ತಾರೆ. ಕಣ್ಣಿಗೆ ಕಾಣದ ದಾರ ಎಲ್ಲೋ ಎಳೆಯುತ್ತಿರುವ ಹಾಗೆ.