ಮೆಚ್ಚಿನ ಜೋಡಿಯನ್ನು ಕೊಡಗಿಗೆ ಕರೆತರುವವರಿಗೆ

ಧಾರಾವಾಹಿ ಬೇರ್ಪಡಿಸಿದ ಜೋಡಿಯನ್ನು ಅಭಿಮಾನಿಗಳು ತಮ್ಮ ಕಥೆಗಳಲ್ಲಿ ಕೊಡಗಿನ ತೋಟಕ್ಕೆ ಕರೆತಂದು ಒಂದುಗೂಡಿಸುವುದು ನನಗೆ ತುಂಬಾ ಇಷ್ಟ. ಆದರೆ ಜುಲೈ ಮಳೆಯಲ್ಲಿ ಕಾಫಿ ಹೂವಿನ ನಡುವೆ ಪ್ರೇಮ ನಿವೇದನೆ ಮಾಡಿಸಿದರೆ ಇಲ್ಲಿಯ ಓದುಗರು ಅಲ್ಲೇ ಓದು ನಿಲ್ಲಿಸುತ್ತಾರೆ.

ಕಾಫಿ ಹೂ ಬಿಡುವುದು ಫೆಬ್ರವರಿಯಿಂದ ಏಪ್ರಿಲ್ ನಡುವೆ. ಹೂಮಳೆ (ಮೊಗ್ಗು ಅರಳಿಸುವ ಬೇಸಿಗೆ ಮಳೆ) ಬಿದ್ದು ಅಥವಾ ಸ್ಪ್ರಿಂಕ್ಲರ್ ಹಾಯಿಸಿ ಸುಮಾರು 8-10 ದಿನಕ್ಕೆ ಅರಳುತ್ತದೆ, 3-4 ದಿನದಲ್ಲಿ ಕಂದುತ್ತದೆ. ಕಥೆಗೆ ಇದೇ ವರ, ಏಕೆಂದರೆ ನಾಯಕಿ ಅಷ್ಟರೊಳಗೆ ಬಾಯಿ ಬಿಡಲೇಬೇಕು. ಜುಲೈಯೇ ಬೇಕೆಂದರೆ ಕರೆಂಟ್ ಹೋದ ಮನೆ, ಜಿಗಣೆ, ಮರ ಬಿದ್ದು ಮುಚ್ಚಿದ ರಸ್ತೆ ಇವೆ.

ಪಾತ್ರಗಳು ಕೊಡವರಾದರೆ ಮೊದಲು ಒಕ್ಕದ, ಅಂದರೆ ತಂದೆಯ ಕಡೆಯ ಮನೆತನದ, ಹೆಸರು ನೋಡಿ. ಇಬ್ಬರಿಗೂ ಒಂದೇ ಒಕ್ಕ ಕೊಟ್ಟರೆ ಅವರು ಅಣ್ಣ-ತಂಗಿ, ಜೋಡಿಯೇ ಮುರಿಯಿತು. ಮದುವೆಗೆ ಪುರೋಹಿತರು, ಹೋಮ, ಸಪ್ತಪದಿ ಬೇಡ. ಹಿರಿಯರ ಆಶೀರ್ವಾದ, ಬಾಳೆ ದಿಂಡು ಕಡಿಯುವುದು, ಗಂಗಾಪೂಜೆ ಸಾಕು. ವಧುವಿನ ಸೀರೆಯ ನೆರಿಗೆ ಹಿಂಭಾಗಕ್ಕೆ ಬರಬೇಕು. ಗಂಗಾಪೂಜೆಯನ್ನು ಯಾರೂ ಸರಿಯಾಗಿ ಬಳಸುತ್ತಿಲ್ಲ. ತಲೆ ಮೇಲೆ ನೀರಿನ ಕೊಡ ಹೊತ್ತು ಬರುವ ವಧುವಿನ ದಾರಿಗೆ ವರನ ಕಡೆಯವರು ಅಡ್ಡ ನಿಂತು ವಾಲಗಕ್ಕೆ ಕುಣಿಯುತ್ತಾರೆ, ಅವಳು ಅಲುಗಾಡದೆ ಕಾಯಬೇಕು. ಅವಳ ಮನಸ್ಸಿನೊಳಗೆ ಇಳಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಅಭಿಮಾನಿಗಳ ಕಥೆಗಳ ಜಾಲತಾಣವಾದ ಆರ್ಕೈವ್ ಆಫ್ ಅವರ್ ಓನ್‌ನಲ್ಲಿ ಹಾಕುವಾಗ ಹೆಸರುಗಳ ನಡುವೆ ‘/’ ಇದ್ದರೆ ಪ್ರೇಮ, ‘&’ ಇದ್ದರೆ ಸ್ನೇಹ. ಇದು ತಪ್ಪಿದರೆ ನಿಮ್ಮ ಜೋಡಿಯನ್ನೇ ಹುಡುಕುತ್ತಿರುವವರಿಗೆ ಕಥೆ ಸಿಗುವುದಿಲ್ಲ.